ಬಲಗಡೆ ಸೋಮಾರಿ, ಎಡಗಡೆ ಬಿಸಿ: ಹಳೇ ಪಿನ್‌ಬಾಲ್ ಯಂತ್ರದ ಕೈಕಾಲು ರಿಪೇರಿ

ಪ್ರಶ್ನೆ: ನಾವು ಓಹಾಯೋದಲ್ಲಿ ಕೊಂಡ ಹಳೇ ಮನೆಯ ಬೇಸ್‌ಮೆಂಟಿನಲ್ಲಿ ಹಿಂದಿನ ಮಾಲೀಕರು ಒಂದು ಪಿನ್‌ಬಾಲ್ ಯಂತ್ರ (ಓರೆ ಹಲಗೆಯ ಮೇಲೆ ಗುಂಡು ಹೊಡೆದು ಅಂಕ ಗಳಿಸುವ ಆಟದ್ದು) ಬಿಟ್ಟುಹೋಗಿದ್ದಾರೆ. ಗಾಟ್ಲೀಬ್ ಕಂಪನಿಯದು, 1970ರ ದಶಕದ ಮೊದಲ ಭಾಗದ್ದು. ಅಂಕಗಳು ಉರುಳುವ ಚಕ್ರಗಳ ಮೇಲೆ ಬರುತ್ತವೆ. ದೀಪಗಳೆಲ್ಲ ಹತ್ತುತ್ತವೆ. ಆದರೆ ಬಲಗಡೆಯ ಫ್ಲಿಪ್ಪರ್, ಅಂದರೆ ಬಟನ್ ಒತ್ತಿದರೆ ಗುಂಡನ್ನು ಹೊಡೆಯುವ ಪುಟ್ಟ ಕೈ, ಅದನ್ನು ಅರ್ಧ ದಾರಿಗೂ ಕಳಿಸುವುದಿಲ್ಲ. ಎಡಗಡೆಯದು ಚೆನ್ನಾಗಿ ಹೊಡೆಯುತ್ತದೆ, ಬಟನ್ ಒತ್ತಿ ಹಿಡಿದರೆ ಮಾತ್ರ ಸುಟ್ಟ ವಾಸನೆ ಬರುತ್ತದೆ. ಹೊಸ ಆಟ ಶುರು ಮಾಡಿದರೆ ಒಳಗಿನ ಮೋಟರ್ ಗರಗರ ಸುತ್ತುತ್ತಲೇ ಇರುತ್ತದೆ, ಹತ್ತರ ಸ್ಥಾನದ ಚಕ್ರ 6ರಲ್ಲೇ ನಿಂತಿರುತ್ತದೆ. ಗುಂಡು ತಗುಲಿದರೆ ಒದ್ದು ಕಳಿಸಬೇಕಾದ ಬಂಪರ್‌ಗಳಲ್ಲಿ ಒಂದು ಒದೆಯುವುದೇ ಇಲ್ಲ. ಎಲ್ಲದಕ್ಕೂ ಡಬ್ಲ್ಯುಡಿ-40 ಹೊಡೆಯಿರಿ ಎನ್ನುತ್ತಾರೆ ಒಬ್ಬ ಸ್ನೇಹಿತರು, ಇನ್ನೂ ಜೋರಿನ ಕಾಯಿಲ್ (ಕರೆಂಟು ಹರಿದಾಗ ಕಬ್ಬಿಣವನ್ನು ಎಳೆಯುವ ತಂತಿಯ ಸುರುಳಿ) ಹಾಕಿ ಎನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಕೇಳಲಿ? ಮುಂದೆ ಮೈಸೂರಿನ ಮನೆಗೆ ಸಾಗಿಸುವ ಆಸೆಯೂ ಇದೆ.

ಉತ್ತರ: ಇಬ್ಬರ ಮಾತನ್ನೂ ಕೇಳಬೇಡಿ. ಎಡಗಡೆಯ ಫ್ಲಿಪ್ಪರ್ ಸರಿಯಾಗುವವರೆಗೆ ಯಂತ್ರದ ಪ್ಲಗ್ಗನ್ನೂ ಗೋಡೆಗೆ ಹಾಕಬೇಡಿ. ನಿಮ್ಮ ಪತ್ರದಲ್ಲಿ ನೀವು ದೊಡ್ಡದು ಅಂದುಕೊಂಡಿರುವುದು ಬಲಗಡೆಯ ಸೋಮಾರಿತನ. ನನಗೆ ದೊಡ್ಡದಾಗಿ ಕಂಡದ್ದು ಆ ಸುಟ್ಟ ವಾಸನೆ.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ನಾನು ಈ ಕೆಲಸ ಕಲಿತದ್ದು ಪಿನ್‌ಬಾಲ್ ಮೇಲಲ್ಲ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. 1948ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ತಯಾರಿಸುತ್ತಿದ್ದ ಸ್ಟ್ರೌಜರ್ ಎಂಬ ಯಾಂತ್ರಿಕ ಎಕ್ಸ್‌ಚೇಂಜ್ ಸಾಮಗ್ರಿಯ ಕಾಲ ಅದು. ಚಂದಾದಾರರು ಡಯಲ್ ತಿರುಗಿಸಿದಂತೆಲ್ಲ ಒಂದು ಕೊಕ್ಕೆ ಹಲ್ಲುಪಟ್ಟಿಯನ್ನು ಟಕ್ ಟಕ್ ಎಂದು ಒಂದೊಂದೇ ಹಲ್ಲು ಮೇಲೆತ್ತುತ್ತಿತ್ತು, ಹಿತ್ತಾಳೆಯ ಬೆರಳುಗಳು ತಾಮ್ರದ ಬಿಂದುಗಳ ಮೇಲೆ ಸವರಿಕೊಂಡು ಹೋಗಿ ನಂಬರ್ ಹುಡುಕುತ್ತಿದ್ದವು. ನಿವೃತ್ತಿಯಾಗಿ ಮಗಳ ಮನೆಗೆ ಅಮೆರಿಕಕ್ಕೆ ಬಂದಾಗ ಪಕ್ಕದ ಮನೆಯವರ ಪಿನ್‌ಬಾಲ್ ಯಂತ್ರದ ಹಲಗೆ ಎತ್ತಿ ಒಳಗೆ ಇಣುಕಿದೆ. ಅದೇ ರಿಲೇ (ಕರೆಂಟಿನಿಂದಲೇ ಆಡುವ ಸ್ವಿಚ್ಚು), ಅದೇ ಕೊಕ್ಕೆ, ಅದೇ ಹಲ್ಲುಚಕ್ರ, ತುದಿಯಲ್ಲಿ ಬಿಂದುಗಳಿರುವ ತೆಳು ಲೋಹದ ಪಟ್ಟಿಗಳು ಮುಟ್ಟಿ ಬಿಡುವ ಅದೇ ಎಲೆ ಸ್ವಿಚ್ಚು. ಬಹಳ ದಿನದ ಮೇಲೆ ನೆಂಟರನ್ನು ನೋಡಿದ ಹಾಗಾಯಿತು. 1977ರ ಸುಮಾರಿಗೆ ಚಿಪ್ ಹಾಕಿದ ಯಂತ್ರಗಳು ಬಂದು ಈ ವಂಶ ಮುಗಿಯಿತು. ನಿಮ್ಮದು ಅದಕ್ಕಿಂತ ಹಿಂದಿನದು, ಅಂದರೆ ಒಳಗೆ ಒಂದೇ ಒಂದು ಚಿಪ್ ಇಲ್ಲ. ಕೆಟ್ಟದ್ದೆಲ್ಲ ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಸಿಗುತ್ತದೆ.

ಎಕ್ಸ್‌ಚೇಂಜಿನಲ್ಲಿ ನಮ್ಮ ಮೇಸ್ತ್ರಿಗಳು ಹೊಸಬರಿಗೆ ಮೊದಲು ಕಲಿಸುತ್ತಿದ್ದದ್ದು ಇಷ್ಟು: ಆಡುವ ಪ್ರತಿಯೊಂದು ಭಾಗಕ್ಕೂ ಹೊರಡುವ ಜಾಗ ಒಂದು, ಹೋಗಿ ಮುಟ್ಟುವ ಜಾಗ ಒಂದು. ಪ್ಲಗ್ ಕಿತ್ತು, ಬೆರಳಿನಿಂದ ಮೆಲ್ಲಗೆ ಆ ತುದಿಯಿಂದ ಈ ತುದಿಗೆ ಓಡಿಸಿ ನೋಡಿ. ಕೊನೆ ಮುಟ್ಟುತ್ತದೆಯೇ? ಬಿಟ್ಟರೆ ತಾನಾಗಿ ಹಿಂದಕ್ಕೆ ಬರುತ್ತದೆಯೇ? ಐವತ್ತು ವರ್ಷದ ಯಂತ್ರದಲ್ಲಿ ಏನಾದರೂ ಮುರಿದಿರುವುದು ಕಡಿಮೆ. ಹತ್ತು ಮಿಲಿಮೀಟರ್ ಓಡಬೇಕಾದ್ದು ಎಂಟೇ ಓಡುತ್ತಿರುವುದು ಹೆಚ್ಚು. ನಿಮ್ಮ ನಾಲ್ಕೂ ದೂರುಗಳು ಈ ಜಾತಿಗೇ ಸೇರಿದವು ಎಂದು ನನ್ನ ಅಂದಾಜು.

ಕೈ ಹಾಕುವ ಮೊದಲು ಎರಡು ಎಚ್ಚರಿಕೆ. ಪ್ಲಗ್ ಕೀಳಿ, ಯಂತ್ರದ ಮೇಲಿನ ಸ್ವಿಚ್ಚನ್ನು ನಂಬಬೇಡಿ. ಮೇಲಿನ ಗಾಜನ್ನು ಜಾರಿಸಿ ತೆಗೆದಾಗ ಅದನ್ನು ಬೇಸ್‌ಮೆಂಟಿನ ಸಿಮೆಂಟು ನೆಲದ ಮೇಲೆ ನಿಲ್ಲಿಸಬೇಡಿ. ಅದು ಹದಗೊಳಿಸಿದ ಗಾಜು, ಮಧ್ಯದಲ್ಲಿ ಗುದ್ದಿದರೂ ತಡೆಯುತ್ತದೆ, ಮೂಲೆಗೆ ಸಿಮೆಂಟು ತಾಗಿದರೆ ಸಾಕು, ಕಲ್ಲುಸಕ್ಕರೆಯ ಹಾಗೆ ಪುಡಿಪುಡಿ. ಕಂಬಳಿ ಹಾಸಿ ಅದರ ಮೇಲಿಡಿ. ಆಮೇಲೆ ಗುಂಡನ್ನು ಹೊರಗೆ ತೆಗೆದು ಆಟದ ಹಲಗೆ ಎತ್ತಿ. ಗುಂಡು 80 ಗ್ರಾಂ ತೂಗುತ್ತದೆ. ಮರೆತು ಎತ್ತಿದರೆ ಅದು ಉರುಳಿಕೊಂಡು ಬಂದು ಯಾವುದೋ ದೀಪ ಒಡೆಯುತ್ತದೆ, ಇಲ್ಲವೇ ಎಲೆ ಸ್ವಿಚ್ಚುಗಳ ನಡುವೆ ಸಿಕ್ಕಿಕೊಳ್ಳುತ್ತದೆ.

ಈಗ ಎಡ ಫ್ಲಿಪ್ಪರ್. ಅದರ ಕಾಯಿಲ್ ಒಳಗೆ ಇರುವುದು ಒಂದಲ್ಲ, ಎರಡು ಸುತ್ತು. ದಪ್ಪ ತಂತಿಯದು ಹೊಡೆಯುವುದಕ್ಕೆ, ಸಣ್ಣ ತಂತಿಯದು ಹಿಡಿದಿಡುವುದಕ್ಕೆ. 1947ರಲ್ಲಿ ಇದೇ ಗಾಟ್ಲೀಬ್ ‘ಹಂಪ್ಟಿ ಡಂಪ್ಟಿ’ ಯಂತ್ರದಲ್ಲಿ ಮೊದಲ ಸಲ ಫ್ಲಿಪ್ಪರ್ ತಂದಾಗ ಹುಟ್ಟಿದ ಸಮಸ್ಯೆ ಇದು. ಬಂಪರಿನ ಕಾಯಿಲ್ ಕ್ಷಣಮಾತ್ರ ಕೆಲಸ ಮಾಡಿ ಸುಮ್ಮನಾಗುತ್ತದೆ. ಫ್ಲಿಪ್ಪರ್ ಹಾಗಲ್ಲ, ಆಟಗಾರ ಬಟನ್ ಒತ್ತಿಕೊಂಡು ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಹೊಡೆತಕ್ಕೆ ಬೇಕಾದಷ್ಟು ಕರೆಂಟು ಅಷ್ಟು ಹೊತ್ತೂ ಹರಿದರೆ ಕಾಯಿಲ್ ಬೆಂದುಹೋಗುತ್ತದೆ. ಅದಕ್ಕೇ ಫ್ಲಿಪ್ಪರಿನ ಪಕ್ಕದಲ್ಲಿ ಒಂದು ಸ್ವಿಚ್ ಇರುತ್ತದೆ, ಇಒಎಸ್ (ಎಂಡ್ ಆಫ್ ಸ್ಟ್ರೋಕ್, ಓಟದ ಕೊನೆಯ ಸ್ವಿಚ್) ಅನ್ನುತ್ತಾರೆ. ಫ್ಲಿಪ್ಪರ್ ಕೆಳಗಿರುವಾಗ ಅದು ಮುಚ್ಚಿಕೊಂಡಿರುತ್ತದೆ, ಆಗ ಕರೆಂಟು ಸಣ್ಣ ತಂತಿಯನ್ನು ಬಿಟ್ಟು ದಪ್ಪ ತಂತಿಯಲ್ಲಷ್ಟೇ ಹರಿಯುತ್ತದೆ. ಫ್ಲಿಪ್ಪರ್ ಮೇಲಿನ ಕೊನೆ ಮುಟ್ಟುವಾಗ ಅದೇ ಈ ಸ್ವಿಚ್ಚನ್ನು ತಳ್ಳಿ ಬಿಡಿಸುತ್ತದೆ. ಆಗ ಕರೆಂಟು ಎರಡೂ ಸುತ್ತು ದಾಟಿ ಬರಬೇಕು, ಸೊರಗುತ್ತದೆ, ಹಿಡಿದಿಡುವುದಕ್ಕೆ ಮಾತ್ರ ಸಾಲುತ್ತದೆ.

ನಿಮ್ಮ ಎಡಗಡೆಯಲ್ಲಿ ಆ ಸ್ವಿಚ್ ಬಿಟ್ಟುಕೊಳ್ಳುತ್ತಿಲ್ಲ, ಅದಕ್ಕೇ ಜೋರು ಹೊಡೆತ, ಅದಕ್ಕೇ ವಾಸನೆ. ಬಲಗಡೆಯಲ್ಲಿ ಅದು ಮುಚ್ಚಿದಂತೆ ಕಂಡರೂ ಕೊಳೆ ಹಿಡಿದು ಕರೆಂಟು ಬಿಡುತ್ತಿಲ್ಲ. ಹಾಗಾಗಿ ಶುರುವಿನಿಂದಲೇ ಹಿಡಿದಿಡುವ ಬಲದಲ್ಲೇ ಹೊಡೆಯುತ್ತಿದೆ ಪಾಪ. ಒಂದೇ ಸ್ವಿಚ್ಚಿನ ಎರಡು ವಿರುದ್ಧ ಕಾಯಿಲೆ, ಒಂದೇ ಯಂತ್ರದಲ್ಲಿ ಅಕ್ಕಪಕ್ಕ. ಇಂಥ ಜೋಡಿ ಸಿಕ್ಕಿದ್ದು ಪಾಠ ಹೇಳಲು ನನಗೇನೋ ಅನುಕೂಲವೇ!

ನನ್ನ ಮಾತನ್ನು ಹಾಗೇ ನಂಬಬೇಡಿ, ಪರೀಕ್ಷಿಸಿ. ಎಡ ಫ್ಲಿಪ್ಪರನ್ನು ಕೈಯಿಂದ ಕೊನೆಯವರೆಗೆ ಎತ್ತಿ ಹಿಡಿದು ಇಒಎಸ್ ಕಡೆ ಟಾರ್ಚ್ ಬಿಡಿ. ಎರಡು ಬಿಂದುಗಳ ನಡುವೆ ಒಂದೂವರೆ ಮಿಲಿಮೀಟರಿನಿಂದ ಮೂರರವರೆಗೆ ಸಂದು ಕಾಣಬೇಕು. ಬಲಗಡೆಗೆ ಮಲ್ಟಿಮೀಟರ್ ಬೇಕು. ಕಾಯಿಲ್ ಮೇಲೆ ಬೆಸುಗೆ ಹಾಕಿದ ಮೂರು ಕಿವಿಗಳಿರುತ್ತವೆ, ಆಚೀಚಿನ ಎರಡಕ್ಕೆ ಮೀಟರಿನ ಮೊನೆ ಇಟ್ಟು ಓಮ್ ನೋಡಿ. ಫ್ಲಿಪ್ಪರ್ ಕೆಳಗಿರುವಾಗ ಕೆಲವೇ ಓಮ್ ಬರಬೇಕು, ಕೈಯಿಂದ ಮೇಲೆತ್ತಿದಾಗ ಹತ್ತಾರು ಓಮಿಗೆ ನೆಗೆಯಬೇಕು. ಕೆಳಗಿರುವಾಗಲೇ ಹತ್ತಾರು ಬಂದರೆ ಕಳ್ಳ ಸಿಕ್ಕ ಹಾಗೆ.

ಸ್ವಿಚ್ ಸರಿಮಾಡುವುದರಲ್ಲಿ ಒಂದು ಕ್ರಮವಿದೆ, ಅದನ್ನು ತಪ್ಪಿಸಿದರೆ ಮೂರು ದಿನ ಒದ್ದಾಡುತ್ತೀರಿ. ಎಲೆಗಳನ್ನು ಬಗ್ಗಿಸುವ ಮೊದಲು ಅವುಗಳ ಬುಡದ ಎರಡು ಸ್ಕ್ರೂಗಳನ್ನು ಬಿಗಿ ಮಾಡಿ. ಎಲೆಗಳ ನಡುವಿನ ಫೈಬರ್ ಬಿಲ್ಲೆಗಳು ಐವತ್ತು ವರ್ಷದಲ್ಲಿ ಒಣಗಿ ಕುಗ್ಗಿರುತ್ತವೆ, ಸ್ಕ್ರೂ ತಾನಾಗಿ ಸಡಿಲಾಗಿರುತ್ತದೆ. ಎಷ್ಟೋ ಸಲ ಬಿಗಿ ಮಾಡಿದ ಕೂಡಲೇ ಸಂದು ತನ್ನಷ್ಟಕ್ಕೆ ಸರಿಹೋಗುತ್ತದೆ. ಆಮೇಲೂ ಬೇಕಾದರೆ ಗಟ್ಟಿಯಾದ, ಗಿಡ್ಡನೆಯ ಎಲೆಯನ್ನು ಬುಡದ ಹತ್ತಿರ ಹಿಡಿದು ಕೂದಲೆಳೆಯಷ್ಟು ಬಗ್ಗಿಸಿ. ಉದ್ದನೆಯ, ಬಳುಕುವ ಎಲೆಯನ್ನು ಮುಟ್ಟಬೇಡಿ. ಅದರ ಹದ ತಪ್ಪಿದರೆ ಮತ್ತೆ ತರುವುದು ಕಷ್ಟ.

ಶುಚಿ ಮಾಡುವಾಗಲೂ ಬಿಂದು ಯಾವ ಲೋಹದ್ದು ಎಂದು ನೋಡಬೇಕು. ಫ್ಲಿಪ್ಪರಿನ ಇಒಎಸ್ ಬಿಂದುಗಳು ಸಾಮಾನ್ಯವಾಗಿ ಟಂಗ್‌ಸ್ಟನ್, ಕಲ್ಲಿನಂತೆ ಗಟ್ಟಿ. ಅವಕ್ಕೆ ಸಣ್ಣ ಚಪ್ಪಟೆ ಅರ ಹಾಕಿ ಉಜ್ಜಬಹುದು. ಉಳಿದ ಸ್ವಿಚ್ಚುಗಳಲ್ಲಿ, ರಿಲೇಗಳಲ್ಲಿ ಇರುವುದು ಬೆಳ್ಳಿ. ಅದಕ್ಕೆ ಅರ ತೋರಿಸಲೇಬೇಡಿ. ಒಂದು ದಪ್ಪ ವಿಸಿಟಿಂಗ್ ಕಾರ್ಡಿನ ಪಟ್ಟಿಯನ್ನು ಆಲ್ಕೋಹಾಲಿನಲ್ಲಿ ಒದ್ದೆ ಮಾಡಿ, ಬಿಂದುಗಳ ನಡುವೆ ಸಿಕ್ಕಿಸಿ, ಬೆರಳಿನಿಂದ ಮೆಲ್ಲಗೆ ಅದುಮಿ ಎಳೆಯಿರಿ. ಕಾರ್ಡಿನ ಮೇಲೆ ಕಪ್ಪು ಗೆರೆ ಬರುತ್ತದೆ. ಗೆರೆ ಬರುವುದು ನಿಲ್ಲುವವರೆಗೆ ಎಳೆಯುತ್ತಿರಿ.

ಸ್ವಿಚ್ ಸರಿಯಾದ ಮೇಲೂ ಬಲಗಡೆಯದು ಮಂಕಾಗಿದ್ದರೆ ಇಡೀ ಜೋಡಣೆ ಬಿಚ್ಚಬೇಕು. ಕಾಯಿಲ್ ಹಿಂದಿನ ತಡೆಗಟ್ಟೆಯ ಸ್ಕ್ರೂ ಬಿಚ್ಚಿದರೆ ಕಾಯಿಲ್ ಕೈಗೆ ಬರುತ್ತದೆ. ಒಳಗೆ ಓಡಾಡುವ ಕಬ್ಬಿಣದ ಪ್ಲಂಜರಿನ ತುದಿ ನೋಡಿ. ಲಕ್ಷಗಟ್ಟಲೆ ಸಲ ಗಟ್ಟೆಗೆ ಬಡಿದು ಬಡಿದು ಅದು ಅಣಬೆಯ ತಲೆಯ ಹಾಗೆ ಅಗಲವಾಗಿರುತ್ತದೆ. ಆ ಅಂಚು ತೂತಿನ ಒಳಗೋಡೆಗೆ ಉಜ್ಜುತ್ತದೆ. ಅರದಿಂದ ಅಂಚು ಇಳಿಸಿ ಉಪ್ಪುಕಾಗದದಲ್ಲಿ ನಯ ಮಾಡಬಹುದು, ಆದರೆ ಪ್ಲಂಜರ್ ಗಿಡ್ಡವಾಗಿದ್ದರೆ, ಗಟ್ಟೆಯಲ್ಲಿ ಹಳ್ಳ ಬಿದ್ದಿದ್ದರೆ ಎರಡನ್ನೂ ಹೊಸದು ಹಾಕುವುದೇ ಲೇಸು. ಇವೆಲ್ಲ ಇವತ್ತಿಗೂ ಹೊಸದಾಗಿ ತಯಾರಾಗುತ್ತವೆ.

ಕಾಯಿಲ್ ಒಳಗಿನ ತೋಳನ್ನೂ, ಅಂದರೆ ಪ್ಲಂಜರ್ ಓಡಾಡುವ ಕೊಳವೆಯನ್ನೂ, ಹೊರಗೆ ಎಳೆಯಿರಿ. ಹಿತ್ತಾಳೆಯದಿದ್ದರೆ ತೆಗೆದು ನೈಲಾನಿನದು ಹಾಕಿ. ಎಡಗಡೆಯದರಲ್ಲಿ ಇದು ಮುಖ್ಯ ಪರೀಕ್ಷೆಯೂ ಹೌದು. ತೋಳು ಸಲೀಸಾಗಿ ಬಂದರೆ ಕಾಯಿಲ್ ಬದುಕಿದೆ. ಎಷ್ಟು ಎಳೆದರೂ ಬಾರದಿದ್ದರೆ ಬಿಸಿಗೆ ಒಳಗಿನ ಬಾಬಿನ್ (ತಂತಿ ಸುತ್ತಿದ ಉರುಳೆ) ಕರಗಿ ಕುಗ್ಗಿದೆ ಎಂದರ್ಥ. ಅಂಥ ಕಾಯಿಲನ್ನು ಎಸೆದು ಅದೇ ನಂಬರಿನದು ತರಿಸಿ, ನಂಬರ್ ಸುತ್ತಿದ ಕಾಗದದ ಮೇಲೇ ಇರುತ್ತದೆ.

ಪ್ಲಂಜರನ್ನು ಫ್ಲಿಪ್ಪರಿಗೆ ಸೇರಿಸುವ ಕಂದು ಬಣ್ಣದ ಫೈಬರ್ ಪಟ್ಟಿಯನ್ನು ಯಾರೂ ಗಮನಿಸುವುದಿಲ್ಲ. ಅದರ ತೂತು ಗುಂಡಗಿರಬೇಕು, ಸವೆದು ಕೋಳಿಮೊಟ್ಟೆಯ ಆಕಾರಕ್ಕೆ ಬಂದಿರುತ್ತದೆ. ಅಲ್ಲಿ ಒಂದು ಮಿಲಿಮೀಟರ್ ಸಡಿಲವಿದ್ದರೆ ಫ್ಲಿಪ್ಪರಿನ ತುದಿಯಲ್ಲಿ ಅದು ಹಲವು ಮಿಲಿಮೀಟರ್ ಆಗುತ್ತದೆ, ಏಕೆಂದರೆ ಒಳಗಿನ ಸನ್ನೆ ಗಿಡ್ಡ, ಹೊರಗಿನ ಫ್ಲಿಪ್ಪರ್ ಉದ್ದ. ಕಾಯಿಲ್ ಹೊಡೆದ ಮೊದಲ ಗುದ್ದೆಲ್ಲ ಆ ಸಡಿಲದಲ್ಲೇ ಕಳೆದುಹೋಗುತ್ತದೆ. ಜೋರಿನ ಕಾಯಿಲ್ ಹಾಕಿ ಎಂದ ಸ್ನೇಹಿತರಿಗೆ ಈ ಪಟ್ಟಿ ತೋರಿಸಿ. ಸವೆದ ಸಂದಿನ ಮೇಲೆ ಇನ್ನೂ ಜೋರಾಗಿ ಹೊಡೆದರೆ ಪಟ್ಟಿ ಸೀಳುತ್ತದೆ, ಗಟ್ಟೆ ಕಿತ್ತು ಬರುತ್ತದೆ, ಗುಂಡು ಮೇಲಿನ ಪ್ಲಾಸ್ಟಿಕ್ ಒಡೆಯುತ್ತದೆ. ಆ ಚಿತ್ರದ ಪ್ಲಾಸ್ಟಿಕ್ ಹುಡುಕುವುದು ಕಾಯಿಲ್ ಹುಡುಕಿದಷ್ಟು ಸುಲಭವಲ್ಲ.

ಮತ್ತೆ ಜೋಡಿಸುವಾಗ ಫ್ಲಿಪ್ಪರ್ ಹಲಗೆಗೆ ಅಂಟಿಕೊಂಡು ಕೂರಬಾರದು, ತೀರಾ ಮೇಲೂ ಇರಬಾರದು. ಒಂದು ಎಟಿಎಂ ಕಾರ್ಡನ್ನು ಅದರ ಕೆಳಗಿನ ಬುಶ್ ಮೇಲೆ ಇಟ್ಟು, ಫ್ಲಿಪ್ಪರನ್ನು ಅದರ ಮೇಲೆ ಕೂರಿಸಿ, ಕೆಳಗಿನಿಂದ ಬೋಲ್ಟ್ ಬಿಗಿ ಮಾಡಿ ಕಾರ್ಡ್ ಎಳೆದುಕೊಳ್ಳಿ. ಕಾರ್ಡಿನ ದಪ್ಪ ಮುಕ್ಕಾಲು ಮಿಲಿಮೀಟರ್, ಬೇಕಾದದ್ದೂ ಸರಿಸುಮಾರು ಅಷ್ಟೇ.

ಇನ್ನು 6ರಲ್ಲಿ ನಿಂತ ಚಕ್ರ. ಮೋಟರ್ ಕೆಟ್ಟಿಲ್ಲ, ಬದಲಾಗಿ ಪ್ರಾಮಾಣಿಕವಾಗಿ ಕೆಲಸ ಮಾಡುತ್ತಿದೆ. ಹೊಸ ಆಟ ಶುರುವಾದಾಗ ಎಲ್ಲ ಚಕ್ರಗಳೂ ಸೊನ್ನೆಗೆ ಬರಬೇಕು. ಪ್ರತಿ ಚಕ್ರದ ಹಿಂದೆ ಸೊನ್ನೆಯಲ್ಲಿ ಮಾತ್ರ ಸ್ಥಿತಿ ಬದಲಿಸುವ ಒಂದು ಸ್ವಿಚ್ ಇದೆ. ‘ನಾನು ಸೊನ್ನೆ ಮುಟ್ಟಿದೆ’ ಎಂದು ಎಲ್ಲರೂ ಹೇಳುವವರೆಗೆ ಮೋಟರ್ ಸುತ್ತುತ್ತಾ ‘ಇನ್ನೊಂದು ಹೆಜ್ಜೆ, ಇನ್ನೊಂದು ಹೆಜ್ಜೆ’ ಎಂದು ಕಾಯಿಲ್ಲುಗಳಿಗೆ ಏಟು ಕೊಡುತ್ತಲೇ ಇರುತ್ತದೆ. ನಿಮ್ಮ ಹತ್ತರ ಚಕ್ರ ಹೇಳುತ್ತಿಲ್ಲ, ಉಳಿದವರು ಅದಕ್ಕಾಗಿ ಕಾಯುತ್ತಿದ್ದಾರೆ. ಶಾಲೆಯ ಬಸ್ಸಿನಲ್ಲಿ ಒಬ್ಬ ಹುಡುಗ ಬಾರದಿದ್ದರೆ ಆಗುವ ಹಾಗೆ.

ಇಲ್ಲಿ ಒಂದು ಸ್ವಾರಸ್ಯ. ಕಾಯಿಲ್ ಎಳೆದಾಗ ಚಕ್ರ ತಿರುಗುವುದಿಲ್ಲ. ಕಾಯಿಲ್ ಎಳೆದಾಗ ಕೊಕ್ಕೆ ಹಿಂದೆ ಸರಿದು ಮುಂದಿನ ಹಲ್ಲನ್ನು ಹಿಡಿಯುತ್ತದೆ ಅಷ್ಟೆ. ಕಾಯಿಲ್ ಬಿಟ್ಟಾಗ ಸ್ಪ್ರಿಂಗ್ ಆ ಕೊಕ್ಕೆಯನ್ನು ಎಳೆದು ಚಕ್ರವನ್ನು ಒಂದು ಮನೆ ಮುಂದೆ ದಾಟಿಸುತ್ತದೆ. ಹಾಗಾಗಿ ‘ಕಾಯಿಲ್ ಸದ್ದು ಮಾಡುತ್ತದೆ, ಚಕ್ರ ಅಲ್ಲಾಡುವುದಿಲ್ಲ’ ಅಂದರೆ ತಪ್ಪು ಸಾಮಾನ್ಯವಾಗಿ ವಿದ್ಯುತ್ತಿನದಲ್ಲ. ಸ್ಪ್ರಿಂಗ್ ಬಳಲಿದೆ, ಇಲ್ಲವೇ ಎಲ್ಲೋ ಜಿಗುಟು ಹಿಡಿದಿದೆ. ಬೆರಳಿನಿಂದ ಪ್ಲಂಜರನ್ನು ಒಳಗೆ ಒತ್ತಿ, ತೀರಾ ನಿಧಾನವಾಗಿ ಬಿಡಿ. ವೇಗವಾಗಿ ಬಿಟ್ಟರೆ ಕೆಟ್ಟ ಚಕ್ರವೂ ದಾಟಿಬಿಡುತ್ತದೆ. ನಿಧಾನಕ್ಕೆ ಬಿಟ್ಟಾಗಲೂ ಕೊನೆಯಲ್ಲಿ ಟಕ್ ಎಂದು ಕೂರಬೇಕು. ಹತ್ತೂ ಮನೆಗಳನ್ನು ಹೀಗೆ ದಾಟಿಸಿ ನೋಡಿ. 6ರಲ್ಲೇ ತಡೆಯುತ್ತದೋ, ಎಲ್ಲ ಕಡೆಯೂ ಸೋಮಾರಿಯೋ ತಿಳಿಯುತ್ತದೆ. 6ರಲ್ಲೇ ಆದರೆ ಹಲ್ಲುಚಕ್ರದ ಆ ಹಲ್ಲಿನ ಬುಡದಲ್ಲಿ ಏನೋ ಕೂತಿದೆ. ಎಲ್ಲ ಕಡೆ ಆದರೆ ಹಳೇ ಗ್ರೀಸು.

ಗ್ರೀಸಿನ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಜಗಳಗಂಟ. ಯಾವಾಗಲೋ ಯಾರೋ ಒಳ್ಳೆಯ ಮನಸ್ಸಿನಿಂದ ಹಚ್ಚಿದ್ದು ಈಗ ಹಲಸಿನ ಮೇಣದ ಹಾಗಾಗಿದೆ. ಹಲಸಿನ ಮೇಣಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಬಿಡಿಸುತ್ತೇವಲ್ಲ, ಇಲ್ಲಿ ಆ ಬುದ್ಧಿ ನಡೆಯುವುದಿಲ್ಲ. ಎಣ್ಣೆ ಹೊಡೆದರೆ ಒಂದು ವಾರ ಎಲ್ಲ ಚೆನ್ನಾಗಿ ಓಡುತ್ತದೆ. ಆಮೇಲೆ ಆ ಎಣ್ಣೆ ಧೂಳು ಹಿಡಿದು ಇನ್ನೊಂದು ಪದರ ಮೇಣವಾಗುತ್ತದೆ. ಡಬ್ಲ್ಯುಡಿ-40 ಬೇಡ ಎಂದದ್ದು ಇದಕ್ಕೇ. ಮೇಲಾಗಿ ಅದು ಹೊತ್ತಿಕೊಳ್ಳುವ ದ್ರವ. ನಿಮ್ಮ ಯಂತ್ರದಲ್ಲಿ ಪ್ರತಿ ಸ್ವಿಚ್ಚೂ ಬಿಡುವಾಗ ಸಣ್ಣ ನೀಲಿ ಕಿಡಿ ಹಾರಿಸುತ್ತದೆ. ಎರಡನ್ನೂ ಒಂದೇ ಮರದ ಪೆಟ್ಟಿಗೆಯಲ್ಲಿ ಇಡುವುದೇ?

ಮಾಡಬೇಕಾದದ್ದು ಇಷ್ಟು: ಚಕ್ರದ ಜೋಡಣೆಯನ್ನು ಹೊರಗೆ ತೆಗೆದು, ಫೋಟೋ ಹೊಡೆದುಕೊಂಡು, ಬಿಚ್ಚಿ, ಕೊಕ್ಕೆ ಆಡುವ ಗೂಟ, ತೋಳು, ಪ್ಲಂಜರ್ ಎಲ್ಲವನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಹತ್ತಿಯಿಂದ ಒರೆಸಿ, ಒಣಗಿಸಿ, ಒಣಗಿದ್ದಂತೆಯೇ ಜೋಡಿಸಿ. ಕಾಯಿಲ್ ತೋಳಿನೊಳಗೆ, ಪ್ಲಂಜರಿನ ಮೇಲೆ ಯಾವ ಜಿಡ್ಡೂ ಬೇಡ, ಎಂದೆಂದಿಗೂ. ಲೋಹದ ಮೇಲೆ ಲೋಹ ತಿರುಗುವ ಗೂಟಕ್ಕೆ ಮಾತ್ರ ಹಲ್ಲುಕಡ್ಡಿಯ ತುದಿಯಲ್ಲಿ ಹಿಡಿಯುವಷ್ಟು ಟೆಫ್ಲಾನ್ ಗ್ರೀಸು. ಒಂದು ಎಚ್ಚರ: ಅಂಕಿ ಅಚ್ಚಾದ ಮೇಲ್ಮೈಗೆ ಆಲ್ಕೋಹಾಲ್ ಸೋಕಿಸಬೇಡಿ. ಒಮ್ಮೆ ನಾನು ಶ್ರದ್ಧೆಯಿಂದ ಒರೆಸುತ್ತಾ ಒಂದು ಚಕ್ರದ 7ನ್ನು ಪೂರ್ತಿ ಹತ್ತಿಗೆ ಇಳಿಸಿಬಿಟ್ಟೆ. ಆ ಯಂತ್ರದಲ್ಲಿ ಇವತ್ತಿಗೂ ಏಳರ ಜಾಗ ಖಾಲಿ, ಮನೆಯವರು ಅಭ್ಯಾಸ ಮಾಡಿಕೊಂಡಿದ್ದಾರೆ.

ಚಕ್ರ ಸಲೀಸಾದ ಮೇಲೂ ಮೋಟರ್ ನಿಲ್ಲದಿದ್ದರೆ ಆ ಸೊನ್ನೆಯ ಸ್ವಿಚ್ಚಿಗೆ ವಿಸಿಟಿಂಗ್ ಕಾರ್ಡ್ ಚಿಕಿತ್ಸೆ ಕೊಡಿ. ತಲೆಪೆಟ್ಟಿಗೆಯಲ್ಲಿ (ಅಂಕದ ಚಕ್ರಗಳಿರುವ ಮೇಲಿನ ಪೆಟ್ಟಿಗೆ) ಇದೇ ಬಗೆಯ ಕೊಕ್ಕೆ-ಹಲ್ಲುಚಕ್ರಗಳ ಹಂತದ ಯಂತ್ರಗಳು ಇನ್ನೂ ಇವೆ, ಎಷ್ಟನೇ ಗುಂಡು ಎಂದು ಲೆಕ್ಕವಿಡುವುದು ಒಂದು. ಅವುಗಳಲ್ಲಿ ತಾಮ್ರದ ಬಿಂದುಗಳ ತಟ್ಟೆಯೂ ಇರುತ್ತದೆ. ಅದನ್ನು ಬಹಳ ನಯವಾದ, 600ರ ಉಪ್ಪುಕಾಗದದಿಂದ ಹೊಳಪು ಬರುವಷ್ಟು ಉಜ್ಜಿ ಆಲ್ಕೋಹಾಲಿನಲ್ಲಿ ಒರೆಸಿದರೆ ಸಾಕು. ಈಗ ತೊಂದರೆ ಕೊಡದಿದ್ದರೆ ಅದಕ್ಕೆ ಕೈ ಹಾಕಬೇಡಿ.

ಒದೆಯದ ಬಂಪರ್ ಕೊನೆಯದು, ಸುಲಭದ್ದೂ ಹೌದು. ಬಂಪರಿನ ಸುತ್ತ ಇರುವ ಪ್ಲಾಸ್ಟಿಕ್ ಲಂಗದ ನಡುವಿನಿಂದ ಒಂದು ಕಡ್ಡಿ ಹಲಗೆಯ ಕೆಳಕ್ಕೆ ಇಳಿದು, ಅಲ್ಲಿರುವ ಸ್ವಿಚ್ಚಿನ ಚಮಚದಂಥ ಕುಳಿಯಲ್ಲಿ ಕೂತಿರುತ್ತದೆ. ಗುಂಡು ಲಂಗದ ಅಂಚನ್ನು ತುಳಿದರೆ ಕಡ್ಡಿ ವಾಲುತ್ತದೆ, ವಾಲಿದ ಕಡ್ಡಿ ಚಮಚವನ್ನು ಒತ್ತುತ್ತದೆ, ಸ್ವಿಚ್ ಮುಚ್ಚುತ್ತದೆ. ಕಡ್ಡಿ ಚಮಚದ ನಟ್ಟನಡುವೆ ಇರಬೇಕು. ಒಂದು ಕಡೆ ಸರಿದಿದ್ದರೆ ಆ ದಿಕ್ಕಿನಿಂದ ಬಂದ ಗುಂಡಿಗೆ ಒದೆಯುತ್ತದೆ, ಈ ದಿಕ್ಕಿನಿಂದ ಬಂದದ್ದಕ್ಕೆ ಸುಮ್ಮನಿರುತ್ತದೆ. ಸ್ವಿಚ್ಚಿನ ಸ್ಕ್ರೂ ಸಡಿಲಿಸಿ ಜಾರಿಸಿ ನಡುವಿಗೆ ತನ್ನಿ, ಚಮಚದೊಳಗಿನ ಕಪ್ಪು ಕೊಳೆ ತೆಗೆಯಿರಿ, ಬಿಂದುಗಳ ಸಂದನ್ನು ಒಂದು ಮಿಲಿಮೀಟರಿನ ಆಸುಪಾಸಿಗೆ ತನ್ನಿ. ಸುತ್ತ ನಾಲ್ಕೂ ದಿಕ್ಕಿನಲ್ಲಿ ಲಂಗವನ್ನು ಬೆರಳಿನಿಂದ ಒತ್ತಿ ಸ್ವಿಚ್ ಮುಚ್ಚುವುದನ್ನು ಕಣ್ಣಾರೆ ನೋಡಿ.

ಸ್ವಿಚ್ ಸರಿಯಿದ್ದೂ ಒದೆಯದಿದ್ದರೆ ಕಾಯಿಲ್ ಮೇಲಿನ ಪ್ಲಂಜರನ್ನು ಬೆರಳಿನಿಂದ ಎಳೆದು ನೋಡಿ. ಲೋಹದ ಉಂಗುರವನ್ನು ಕೆಳಗೆಳೆಯುವ ಎರಡು ಸರಳುಗಳನ್ನು ಹಿಡಿದಿಟ್ಟಿರುವ ಫೈಬರ್ ಪಟ್ಟಿಯಲ್ಲಿ ಸೀಳು ಬಿಟ್ಟಿರುವುದು ಸಾಮಾನ್ಯ. ಸೀಳಿದ್ದರೆ ಉಂಗುರ ಓರೆಯಾಗಿ ಇಳಿದು ಸಿಕ್ಕಿಹಾಕಿಕೊಳ್ಳುತ್ತದೆ. ಅಂಟು ಹಾಕುವ ಪ್ರಯತ್ನ ಮಾಡಬೇಡಿ, ಹೊಸದು ಹಾಕಿ.

ಕೆಲಸದ ನಡುವೆ ಫ್ಯೂಸ್ ಹೋದರೆ ಅದೇ ಅಳತೆಯದನ್ನೇ ಹಾಕಿ. ಹಳೆಯ ಯಂತ್ರಗಳಲ್ಲಿ ಫ್ಯೂಸಿಗೆ ಸಿಗರೇಟಿನ ಬೆಳ್ಳಿ ಕಾಗದ ಸುತ್ತಿರುವುದನ್ನು ನಾನೇ ಕಂಡಿದ್ದೇನೆ. ನಿಮ್ಮದರಲ್ಲೂ ಒಮ್ಮೆ ನೋಡಿಬಿಡಿ, ಅಷ್ಟು ಬಿಸಿಯಾದ ಕಾಯಿಲ್ ಇದ್ದೂ ಫ್ಯೂಸ್ ಹೋಗಿಲ್ಲ ಎಂಬುದು ನನಗೆ ಅನುಮಾನ ಹುಟ್ಟಿಸಿದೆ. ಗೋಡೆಗೆ ಹೋಗುವ ವೈರು ಎರಡು ಪಿನ್ನಿನದಾಗಿದ್ದರೆ ಭೂಸಂಪರ್ಕ ಇರುವ ಮೂರು ಪಿನ್ನಿನದನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿ.

ಮೈಸೂರಿನ ಮಾತು. ವೋಲ್ಟೇಜಿನ ವ್ಯತ್ಯಾಸಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟರೆ 230 ವೋಲ್ಟ್ 120ರ ಹತ್ತಿರಕ್ಕೆ ಇಳಿಯುತ್ತದೆ, ಆದರೆ ಕರೆಂಟಿನ ಆವರ್ತನ ಅಮೆರಿಕದ 60 ಹರ್ಟ್ಸ್ ಆಗುವುದಿಲ್ಲ, ನಮ್ಮ 50 ಆಗಿಯೇ ಉಳಿಯುತ್ತದೆ. ಮೋಟರ್ ಸುಮಾರು ಆರರಲ್ಲಿ ಒಂದು ಪಾಲು ನಿಧಾನವಾಗುತ್ತದೆ, ಅಂಕ ಬೀಳುವ ಲಯ ಕಿವಿಗೆ ಬೇರೆಯಾಗಿ ಕೇಳುತ್ತದೆ. ಎಸಿ ಕಾಯಿಲ್ಲುಗಳು, ಒಳಗಿನ ಟ್ರಾನ್ಸ್‌ಫಾರ್ಮರ್ ಎರಡೂ ಅಮೆರಿಕದಲ್ಲಿ ಎಳೆಯುವುದಕ್ಕಿಂತ ಹೆಚ್ಚು ಕರೆಂಟು ಎಳೆದು ಹೆಚ್ಚು ಬಿಸಿಯಾಗುತ್ತವೆ. ಆಡಬಹುದು, ಗಂಟೆಗಟ್ಟಲೆ ಹಾಗೇ ಹಾಕಿಡಬಾರದು. ಹಾಗಾಗಿ ಎಡಗಡೆಯ ಇಒಎಸ್ ಸಂದು ಮೈಸೂರಿನಲ್ಲಿ ಇನ್ನೂ ಮುಖ್ಯವಾಗುತ್ತದೆ. ಯಂತ್ರ ಹಡಗು ಹತ್ತುವ ಮೊದಲು ಅದನ್ನು ಅಳೆಯಿರಿ, ಇಳಿದ ಮೇಲೆ ಇನ್ನೊಮ್ಮೆ ಅಳೆಯಿರಿ. ದಾರಿಯ ಕುಲುಕಾಟಕ್ಕೆ ಮೊದಲು ಸಡಿಲವಾಗುವುದು ಆ ಬುಡದ ಎರಡು ಸ್ಕ್ರೂಗಳೇ.